ರೊಮ್ಯಾಂಟಿಕ್ ಚಿತ್ರಕಲೆಯಲ್ಲಿ ಸುಂದರ ಮತ್ತು ಭವ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಭವ್ಯ ಅಂದರೆ ‘ತುಂಬಾ ತುಂಬಾ ಸುಂದರ’ ಅಂತ ತಾನೇ?

ಅಲ್ಲ. ಇಂಗ್ಲಿಷಿನಲ್ಲಿ ‘ಸಬ್ಲೈಮ್’ ಅನ್ನುವುದಕ್ಕೆ ಇಲ್ಲಿ ಬಳಸಿರುವ ಮಾತು ಭವ್ಯ. ಮುಕ್ಕಾಲು ಪಾಲು ಗೊಂದಲ ಹುಟ್ಟುವುದೇ ಇಲ್ಲಿಂದ. ಸೌಂದರ್ಯವನ್ನು ಎಷ್ಟು ಹೆಚ್ಚಿಸಿದರೂ ಅದು ಭವ್ಯವಾಗುವುದಿಲ್ಲ. ಸುಂದರವಾದದ್ದು ಕಣ್ಣಿಗೆ ಒಗ್ಗುತ್ತದೆ, ಮನಸ್ಸನ್ನು ನಿರಾಳ ಮಾಡುತ್ತದೆ, ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರೋಣ ಅನ್ನಿಸುತ್ತದೆ. ಭವ್ಯವಾದದ್ದು ಮೊದಲು ಪೆಟ್ಟು ಕೊಡುತ್ತದೆ. ಎದುರಿಗಿರುವುದು ನಮ್ಮ ಅಳತೆಗೆ ಸಿಗುವುದಿಲ್ಲ, ಎದೆ ಝಲ್ಲೆನ್ನುತ್ತದೆ. ಆಮೇಲೆ ಆ ದಿಗಿಲಿನೊಳಗಿಂದಲೇ ಒಂದು ಬಗೆಯ ಸಂತೋಷ ಏಳುತ್ತದೆ. ಎರಡನೆಯ ಹಂತ ಇಲ್ಲದಿದ್ದರೆ ಅದು ಬರೀ ಭಯ. ಮೊದಲನೆಯದೇ ಇಲ್ಲದಿದ್ದರೆ ಬರೀ ಚಂದ.

ಈ ಚರ್ಚೆ ಶುರುವಾಗಿದ್ದು ಯಾವಾಗ?

ಬೇರು ಹಳೆಯದು. ಲಾಂಜೈನಸ್ ಎಂಬ ಹೆಸರಿನಲ್ಲಿ ಉಳಿದುಬಂದಿರುವ ಒಂದು ಗ್ರೀಕ್ ಗ್ರಂಥ ಮಾತು-ಬರಹದಲ್ಲಿನ ಔನ್ನತ್ಯದ ಬಗ್ಗೆ ಹೇಳುತ್ತದೆ. ಅಲ್ಲಿ ಬೆಟ್ಟ-ಕಡಲುಗಳಿಗಿಂತ ವಾಕ್ಯಗಳ ಮಾತೇ ಜಾಸ್ತಿ. 1674ರಲ್ಲಿ ಫ್ರೆಂಚ್ ಕವಿ ಬ್ವಾಲೋ ಅದನ್ನು ಫ್ರೆಂಚಿಗೆ ತಂದ ಮೇಲೆ ಯುರೋಪಿನ ತುಂಬ ಓದಿದರು. ಅಲ್ಲಿಂದ ಮುಂದೆ ಅದು ಮಾತಿನಿಂದ ನಿಸರ್ಗಕ್ಕೆ ಜಾರಿತು. 1688ರಲ್ಲಿ ಆಲ್ಪ್ಸ್ ದಾಟಿದ ಇಂಗ್ಲಿಷ್ ವಿಮರ್ಶಕ ಜಾನ್ ಡೆನಿಸ್, ಪ್ರಪಾತದ ಅಂಚಿನಲ್ಲಿ ತನಗಾದ ಅನುಭವವನ್ನು ಭಯವೂ ಹೌದು, ಆನಂದವೂ ಹೌದು ಅನ್ನುವ ಧಾಟಿಯಲ್ಲಿ ದಾಖಲಿಸಿದ. ಅಲ್ಲಿಯವರೆಗೆ ಪ್ರಯಾಣಿಕರಿಗೆ ಬೆಟ್ಟವೆಂದರೆ ದಾಟಿ ಮುಗಿಸಬೇಕಾದ ಪೀಡೆ. ನೂರು ವರ್ಷದೊಳಗೆ, 1786ರಲ್ಲಿ, ಮಾಂಟ್ ಬ್ಲಾಂಕ್ ಶಿಖರವನ್ನು ಜನ ಹತ್ತಿಯೂ ಆಗಿತ್ತು.

ಎಡ್ಮಂಡ್ ಬರ್ಕ್ ಹೇಳಿದ್ದೇನು?

ಡಬ್ಲಿನ್‌ನಲ್ಲಿ ಹುಟ್ಟಿದ ಲೇಖಕ-ರಾಜಕಾರಣಿ ಬರ್ಕ್, ಭವ್ಯ ಮತ್ತು ಸುಂದರಗಳ ಬಗೆಗಿನ ತನ್ನ ಗ್ರಂಥವನ್ನು 1757ರಲ್ಲಿ ಪ್ರಕಟಿಸಿದ. ಆಗಿನ್ನೂ ಮೂವತ್ತು ದಾಟಿರಲಿಲ್ಲ. ಅವನ ವಿಧಾನ ಒಬ್ಬ ವೈದ್ಯನದು: ಯಾವ ಗುಣ ಎದುರಾದರೆ ಮೈಯಲ್ಲಿ ಏನಾಗುತ್ತದೆ ಅಂತ ಪಟ್ಟಿ ಮಾಡುತ್ತಾನೆ. ಸುಂದರವಾದದ್ದು ಚಿಕ್ಕದು, ನುಣುಪು, ನಾಜೂಕು, ತಿಳಿಬಣ್ಣದ್ದು. ಅದರ ಗೆರೆ ಎಲ್ಲೂ ತಟ್ಟನೆ ಮುರಿಯದೆ ಮೆಲ್ಲಗೆ ತಿರುಗುತ್ತದೆ. ಅದನ್ನು ಕಂಡಾಗ ನರಗಳು ಸಡಿಲವಾಗುತ್ತವೆ. ಭವ್ಯದ ಪಟ್ಟಿ ಇದಕ್ಕಿಂತ ಉದ್ದ: ಅಸ್ಪಷ್ಟತೆ, ಬಲ, ಕತ್ತಲೆ, ಮೌನ, ಒಂಟಿತನ, ಬರಿದು, ವಿಸ್ತಾರ, ಕೊನೆಯಿಲ್ಲದಿರುವಿಕೆ, ಒಂದೇ ಆಕಾರ ಸಾಲಾಗಿ ಮರುಕಳಿಸುವುದು, ಥಟ್ಟನೆ ಎರಗುವುದು. ಇವು ನರಗಳನ್ನು ಬಿಗಿಯುತ್ತವೆ. ಪರಾಕಾಷ್ಠೆಯಲ್ಲಿ ಮನಸ್ಸು ದಂಗಾಗಿ ಬೇರೆ ಯಾವುದನ್ನೂ ಯೋಚಿಸಲಾರದೆ ನಿಂತುಬಿಡುತ್ತದೆ. ಮೆಚ್ಚುಗೆ, ಗೌರವ, ಭಕ್ತಿಗಳೆಲ್ಲ ಅವನ ಲೆಕ್ಕದಲ್ಲಿ ಅದಕ್ಕಿಂತ ಕೆಳಗಿನ ಮೆಟ್ಟಿಲುಗಳು.

ಬಲದ ಬಗ್ಗೆ ಅವನು ಕೊಡುವ ಉದಾಹರಣೆ ರೈತರ ಮನೆಯವರಿಗೆ ಕೂಡಲೇ ತಿಳಿಯುತ್ತದೆ. ಎತ್ತಿಗೂ ಬಲವಿದೆ, ಗೂಳಿಗೂ ಬಲವಿದೆ. ಎತ್ತಿನ ಬಲ ನಮ್ಮ ಕೆಲಸಕ್ಕೆ ಬರುತ್ತದೆ, ಆದ್ದರಿಂದ ಅದರಲ್ಲಿ ಭವ್ಯವಾದದ್ದೇನೂ ಇಲ್ಲ. ಗೂಳಿಯ ಬಲ ಯಾರ ಮಾತೂ ಕೇಳುವುದಿಲ್ಲ. ಬಳಕೆಗೆ ಬಗ್ಗದ ಬಲ ಮಾತ್ರ ಭವ್ಯ ಅನ್ನುವುದು ಅವನ ಸೂತ್ರ. ಜೇಮ್ಸ್ ವಾರ್ಡ್ ಬಿಡಿಸಿದ ಯಾರ್ಕ್‌ಶೈರಿನ ‘ಗಾರ್ಡೇಲ್ ಸ್ಕಾರ್’ ಕಣಿವೆಯ ದೈತ್ಯ ಚಿತ್ರದಲ್ಲಿ (1812–14) ಕೆಳಗಡೆ ನಿಂತಿರುವ ಬಿಳಿಯ ಗೂಳಿಯನ್ನು ನೋಡುವಾಗ ಈ ಮಾತು ನೆನಪಿರಲಿ.

ಅವನ ದೌರ್ಬಲ್ಯವೂ ಅಷ್ಟೇ ಎದ್ದು ಕಾಣುತ್ತದೆ. ಸೌಂದರ್ಯವನ್ನು ಹೆಣ್ಣಿಗೆ, ಅದರಲ್ಲೂ ಹೆಣ್ಣಿನ ದುರ್ಬಲತೆಗೆ ಕಟ್ಟಿಹಾಕಿದ. 1790ರಲ್ಲಿ ಇಂಗ್ಲಿಷ್ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಬರ್ಕ್‌ನ ರಾಜಕೀಯ ಬರಹಕ್ಕೆ ಉತ್ತರ ಕೊಡುವಾಗ ಈ ಹಳೆಯ ಗ್ರಂಥವನ್ನೂ ಎಳೆದು ತಂದು ಝಾಡಿಸಿದಳು: ಚಿಕ್ಕದಾಗಿ, ಅಬಲೆಯಾಗಿ ಇದ್ದರೇ ಚಂದ ಅಂತ ಹೆಂಗಸರನ್ನು ನಂಬಿಸಿದರೆ ಅವರು ವಿವೇಕ, ನೀತಿಗಳನ್ನು ಬೆಳೆಸಿಕೊಳ್ಳುವುದು ಯಾವಾಗ ಅನ್ನುವುದು ಅವಳ ವಾದದ ತಿರುಳು.

ಕಾಂಟ್ ಹೇಳುವುದು ಅದನ್ನೇ ಅಲ್ಲವೇ? ಇಬ್ಬರನ್ನೂ ಯಾಕೆ ಓದಬೇಕು?

ಬರ್ಕ್ ಕಾರಣವನ್ನು ವಸ್ತುವಿನಲ್ಲೂ ನರದಲ್ಲೂ ಹುಡುಕಿದರೆ ಜರ್ಮನ್ ತತ್ತ್ವಜ್ಞಾನಿ ಕಾಂಟ್ 1790ರ ತನ್ನ ವಿಮರ್ಶಾಗ್ರಂಥದಲ್ಲಿ ಹೇಳುವುದು: ಬಿರುಗಾಳಿಗೆ ಸಿಕ್ಕಿದ ಕಡಲು ಭವ್ಯವಲ್ಲ, ಅದು ಘೋರ ಅಷ್ಟೇ, ಭವ್ಯತೆ ಇರುವುದು ನೋಡುವವರ ಮನಸ್ಸಿನಲ್ಲಿ. ಈ ಒಂದು ತಿರುವು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಸೌಂದರ್ಯದಲ್ಲಿ ಕಲ್ಪನಾಶಕ್ತಿ ಮತ್ತು ಗ್ರಹಿಕೆ ಸಲೀಸಾಗಿ ಜೊತೆಯಾಟ ಆಡುತ್ತವೆ. ನಮಗೆ ಅದರಿಂದ ಲಾಭ ಬೇಕಿಲ್ಲ, ಅದು ನಮ್ಮದಾಗಬೇಕಿಲ್ಲ. ಅದರ ಆಕಾರ ಯಾವುದೋ ಉದ್ದೇಶಕ್ಕೆ ಹೊಂದಿಸಿಟ್ಟ ಹಾಗೆ ಕಾಣುತ್ತದೆ, ಆದರೆ ಉದ್ದೇಶ ಇಂಥದ್ದೇ ಅಂತ ಹೇಳಲಾಗದು. ಭವ್ಯದಲ್ಲಿ ಆ ಜೊತೆಯಾಟ ಮುರಿಯುತ್ತದೆ. ಹೇಗೆ ಮುರಿಯುತ್ತದೆ ಅನ್ನುವುದರ ಮೇಲೆ ಕಾಂಟ್ ಎರಡು ಬಗೆ ಮಾಡುತ್ತಾನೆ.

ಮೊದಲನೆಯದು ಗಣಿತೀಯ ಭವ್ಯ. ಇಲ್ಲಿ ತೊಡಕು ಗಾತ್ರದ್ದು. ಈಜಿಪ್ಟಿನ ಪಿರಮಿಡ್ಡುಗಳನ್ನು ತೀರಾ ಹತ್ತಿರದಿಂದಲೂ ನೋಡಬಾರದು, ತೀರಾ ದೂರದಿಂದಲೂ ನೋಡಬಾರದು ಅನ್ನುವ, ಸವಾರಿ ಎಂಬ ಹೆಸರಿನ ಫ್ರೆಂಚ್ ಪ್ರವಾಸಿಯ ಮಾತನ್ನು ಕಾಂಟ್ ಎತ್ತಿಕೊಳ್ಳುತ್ತಾನೆ. ದೂರ ಹೋದರೆ ಕಲ್ಲುಗಳು ಬಿಡಿಯಾಗಿ ಕಾಣುವುದಿಲ್ಲ, ಗಾತ್ರ ಮನಸ್ಸಿಗೆ ತಟ್ಟುವುದಿಲ್ಲ. ತೀರಾ ಹತ್ತಿರ ನಿಂತರೆ ಕಣ್ಣು ಬುಡದಿಂದ ತುದಿಗೆ ಏರುವಷ್ಟರಲ್ಲಿ ಮೊದಲು ಕಂಡ ಸಾಲುಗಳು ನೆನಪಿನಿಂದ ಜಾರಿರುತ್ತವೆ. ಒಂದೊಂದಾಗಿ ಎಣಿಸುತ್ತ ಹೋಗುವುದಕ್ಕೆ ಕಲ್ಪನೆಗೆ ಮಿತಿಯಿಲ್ಲ. ಅಷ್ಟನ್ನೂ ಒಟ್ಟಿಗೆ ಹಿಡಿದಿಡುವುದಕ್ಕೆ ಮಿತಿಯಿದೆ. ಆ ಮಿತಿ ತಗುಲಿದಾಗ ಕಲ್ಪನೆ ಸೋಲುತ್ತದೆ. ಆದರೆ ‘ಇಡಿಯಾಗಿ ಬೇಕು’ ಅಂತ ಕೇಳಿದ್ದು ಯಾರು? ನಮ್ಮದೇ ತರ್ಕಬುದ್ಧಿ. ಇಂದ್ರಿಯಗಳಿಗೆ ಎಟುಕದ್ದನ್ನು ಕೇಳಬಲ್ಲ ಶಕ್ತಿಯೊಂದು ನಮ್ಮೊಳಗಿದೆ ಅಂತ ಗೊತ್ತಾಗುವುದೇ ಆ ಸೋಲಿನಿಂದ. ಸುಖ ಬರುವುದು ಅಲ್ಲಿಂದ.

ಎರಡನೆಯದು ಚಾಲನಾತ್ಮಕ ಭವ್ಯ. ಇಲ್ಲಿ ತೊಡಕು ಬಲದ್ದು: ಮೇಲೆ ಬಾಗಿ ನಿಂತ ಬಂಡೆ, ಗುಡುಗಿನ ಮೋಡ, ಜ್ವಾಲಾಮುಖಿ, ಉಕ್ಕುವ ಕಡಲು, ದೊಡ್ಡ ನದಿಯ ಜಲಪಾತ. ದೇಹವಾಗಿ ನಾವು ಇವುಗಳ ಮುಂದೆ ಹುಲ್ಲುಕಡ್ಡಿ. ಆದರೂ ನಮ್ಮ ನೈತಿಕ ನಿರ್ಧಾರಗಳ ಮೇಲೆ ಇವುಗಳ ಅಧಿಕಾರ ನಡೆಯದು ಅನ್ನುವ ಅರಿವು ಮೂಡುತ್ತದೆ. ಅಂದ ಹಾಗೆ, ಇದನ್ನೆಲ್ಲ ಬರೆದ ಮನುಷ್ಯ ಆಲ್ಪ್ಸ್ ನೋಡಿದವನಲ್ಲ. ಕ್ಯೋನಿಗ್ಸ್‌ಬರ್ಗ್ ಸುತ್ತಮುತ್ತಲಿನ ಸೀಮೆ ಬಿಟ್ಟು ಹೋದವನೂ ಅಲ್ಲ.

‘ಸುರಕ್ಷಿತ ದೂರ’ ಅಂತ ಎಲ್ಲರೂ ಬರೆಯುತ್ತಾರೆ. ಅದೇನು ಅಷ್ಟು ಮುಖ್ಯ?

ಇಬ್ಬರೂ ಒಪ್ಪುವ ಷರತ್ತು ಇದೊಂದೇ ಅನ್ನಬಹುದು. ಆಷಾಢದ ಜೋಗವನ್ನು ಕಟಾಂಜನದ ಈಚೆ ನಿಂತು ನೋಡುವವನಿಗೆ ಭವ್ಯದ ಅನುಭವ ಸಾಧ್ಯ. ಕಾಲು ಜಾರಿದವನಿಗೆ ಸಾಧ್ಯವಿಲ್ಲ, ಅವನಿಗೆ ಬೇರೆ ಕೆಲಸವಿದೆ. ಜೀವಭಯ ನಿಜವಾಗಿಬಿಟ್ಟರೆ ಮನಸ್ಸಿಗೆ ಎರಡನೆಯ ಹಂತಕ್ಕೆ ಹೋಗಲು ಪುರಸೊತ್ತು ಇರುವುದಿಲ್ಲ. ದೂರ ತೀರಾ ಹೆಚ್ಚಾದರೂ ಕೆಡುತ್ತದೆ, ಆಗ ಮೊದಲ ಹಂತವೇ ಬರುವುದಿಲ್ಲ. ಚಿತ್ರಕಾರರಿಗೆ ಎದುರಾದ ಕಷ್ಟ ಈ ಎರಡನೆಯ ಬಗೆಯದು. ಗೋಡೆಗೆ ತೂಗಿದ ಬಟ್ಟೆಯಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ದೂರ ತಾನಾಗಿಯೇ ಇದೆ, ಅದನ್ನು ಕಡಿಮೆ ಮಾಡುವುದು ಹೇಗೆ?

ಹಾಗಾದರೆ ಚಿತ್ರವೊಂದು ಭವ್ಯವಾಗಲು ಸಾಧ್ಯ ಅಂತ ಈ ತತ್ತ್ವಜ್ಞಾನಿಗಳು ನಂಬಿದ್ದರೇ?

ಅಷ್ಟಾಗಿ ಇಲ್ಲ. ಪಠ್ಯಗಳಲ್ಲಿ ಇದನ್ನು ಹೇಳದೆ ಬಿಡುವುದರಿಂದ ‘ಬರ್ಕ್ ಬರೆದ, (ಇಂಗ್ಲಿಷ್ ಚಿತ್ರಕಾರ) ಟರ್ನರ್ ಚಿತ್ರಿಸಿದ’ ಅನ್ನುವ ಸಲೀಸಾದ ಕಥೆ ಹುಟ್ಟಿಕೊಂಡಿದೆ. ಚಿತ್ರ ವಸ್ತುವನ್ನು ತೀರಾ ಸ್ಪಷ್ಟವಾಗಿ ತೋರಿಸಿಬಿಡುತ್ತದೆ, ಸ್ಪಷ್ಟವಾದದ್ದು ಸಣ್ಣದಾಗಿಬಿಡುತ್ತದೆ ಅನ್ನುವುದು ಬರ್ಕ್‌ನ ಆಕ್ಷೇಪ. ನರಕವನ್ನು, ದೆವ್ವಗಳನ್ನು ಬಿಡಿಸಿದ ಚಿತ್ರಗಳು ಅವನಿಗೆ ನಗೆ ಬರಿಸುತ್ತಿದ್ದವು. ಅವನ ಒಲವು ಕಾವ್ಯದ ಕಡೆ. ಕಾಂಟ್‌ನ ಆಕ್ಷೇಪ ಬೇರೆ: ಮನುಷ್ಯ ಮಾಡಿದ್ದಕ್ಕೆ ಗಾತ್ರವನ್ನೂ ರೂಪವನ್ನೂ ಮನುಷ್ಯನ ಉದ್ದೇಶವೇ ಗೊತ್ತುಮಾಡಿರುತ್ತದೆ, ಆದ್ದರಿಂದ ಶುದ್ಧ ಉದಾಹರಣೆ ಬೇಕಾದರೆ ಒರಟು ನಿಸರ್ಗಕ್ಕೇ ಹೋಗಬೇಕು. (ಹಾಗೆಂದವನೇ ಪಿರಮಿಡ್ಡು, ರೋಮಿನ ಸಂತ ಪೀಟರ್ ದೇಗುಲಗಳ ಉದಾಹರಣೆ ಕೊಡುತ್ತಾನೆ. ವಿದ್ವಾಂಸರು ಇಂದಿಗೂ ಕಿತ್ತಾಡುತ್ತಿರುವ ಜಾಗ ಇದು.)

ಹೀಗಾಗಿ ರೊಮ್ಯಾಂಟಿಕ್ ಚಿತ್ರಗಳನ್ನು ತತ್ತ್ವಕ್ಕೆ ಅಂಟಿಸಿದ ಸಚಿತ್ರ ಪುಟಗಳಂತೆ ನೋಡುವುದಕ್ಕಿಂತ, ‘ಆಗುವುದಿಲ್ಲ’ ಅಂದ ತತ್ತ್ವಜ್ಞಾನಿಗಳಿಗೆ ಚಿತ್ರಕಾರರು ಕೊಟ್ಟ ಉತ್ತರದಂತೆ ನೋಡುವುದು ಹೆಚ್ಚು ಫಲ ಕೊಡುತ್ತದೆ.

ಆ ಉತ್ತರ ಅತ್ಯಂತ ಚೆನ್ನಾಗಿ ಕಾಣುವುದು ಯಾವ ಚಿತ್ರದಲ್ಲಿ?

ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ‘ಕಡಲ ದಂಡೆಯಲ್ಲಿ ಸನ್ಯಾಸಿ’ (1808–10). ಬರ್ಲಿನ್‌ನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿದೆ. ಅಳತೆ 110 × 171.5 ಸೆಂ.ಮೀ., ಅಂದರೆ ಒಬ್ಬರು ಮಲಗುವ ಮಂಚದಷ್ಟು.

ಆ ಕಾಲದ ನಿಸರ್ಗಚಿತ್ರಕ್ಕೆ ಒಂದು ಸಿದ್ಧ ಏರ್ಪಾಟು ಇತ್ತು. ಎರಡೂ ಅಂಚಿಗೆ ಕಡುಬಣ್ಣದ ಮರಗಳು, ಮಧ್ಯದಲ್ಲಿ ಹೊಳೆಯೋ ದಾರಿಯೋ, ಅದರ ಜಾಡು ಹಿಡಿದು ಕಣ್ಣು ಮೆಟ್ಟಿಲು ಮೆಟ್ಟಿಲಾಗಿ ದೂರದ ಬೆಟ್ಟಕ್ಕೆ ಹೋಗುತ್ತದೆ. ಫ್ರೀಡ್ರಿಕ್ ಇದಿಷ್ಟನ್ನೂ ತೆಗೆದುಹಾಕಿದ. ಉಳಿದದ್ದು ಮೂರು ಪಟ್ಟಿ: ಕೆಳಗೆ ಮಸುಕು ಬಿಳುಪಿನ ಮರಳ ದಿಬ್ಬ, ಅದರ ಮೇಲೆ ಕಪ್ಪಿಟ್ಟ ಕಡಲಿನ ಕಿರಿದಾದ ಪಟ್ಟಿ, ಅದರ ಮೇಲೆ ಆಕಾಶ. ಚಿತ್ರದ ಆರರಲ್ಲಿ ಐದು ಪಾಲು ಆಕಾಶವೇ. ನೆಟ್ಟಗೆ ನಿಂತಿರುವ ಆಕೃತಿ ಒಂದೇ, ಆ ಪುಟ್ಟ ಸನ್ಯಾಸಿ. ಅವನೂ ಬೆನ್ನು ತಿರುಗಿಸಿದ್ದಾನೆ. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಗೊತ್ತಾದದ್ದೇನೆಂದರೆ, ಮೊದಲು ಕಡಲಿನಲ್ಲಿ ಹಡಗುಗಳಿದ್ದವು. ಆಮೇಲೆ ಅವುಗಳನ್ನು ಮುಚ್ಚಿಬಿಟ್ಟಿದ್ದಾನೆ. ಹಡಗು ಇದ್ದಿದ್ದರೆ ಕಣ್ಣಿಗೆ ಅಳತೆಗೋಲು ಸಿಗುತ್ತಿತ್ತು: ಹಡಗು ಇಷ್ಟು, ಹಾಗಾದರೆ ದಿಗಂತ ಅಷ್ಟು ದೂರ ಅಂತ ಲೆಕ್ಕ ಹಾಕಬಹುದಿತ್ತು. ಮಧ್ಯಭೂಮಿ (ಹತ್ತಿರದ್ದಕ್ಕೂ ದೂರದ್ದಕ್ಕೂ ನಡುವಿನ ಜಾಗ) ಇಲ್ಲದ ಕಾರಣ ದಿಬ್ಬದ ತುದಿಗೂ ಆಕಾಶಕ್ಕೂ ನಡುವೆ ಎಷ್ಟು ದೂರ ಅನ್ನುವುದು ಕೊನೆಗೂ ತೀರ್ಮಾನವಾಗುವುದಿಲ್ಲ. ಅಂಚುಗಳಲ್ಲಿ ಮರಗಳಿಲ್ಲದ್ದರಿಂದ ದೃಶ್ಯ ಚೌಕಟ್ಟಿನಾಚೆಗೂ ಹೀಗೇ ಹೋಗುತ್ತದೆ ಅನ್ನಿಸುತ್ತದೆ. ಕಾಂಟ್ ಪಿರಮಿಡ್ಡಿನಲ್ಲಿ ಕಂಡ ಕಲ್ಪನೆಯ ಸೋಲು ಇಲ್ಲಿ ಒಂದು ಮೀಟರ್ ಎತ್ತರದ ಬಟ್ಟೆಯ ಮೇಲೆ ಆಗುತ್ತದೆ, ಅದೂ ಏನನ್ನೂ ಸೇರಿಸದೆ, ಬರೀ ಕಳೆಯುವುದರಿಂದ.

1810ರಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ಇದನ್ನು ನೋಡಿದ ಲೇಖಕ ಕ್ಲೈಸ್ಟ್, ಕಣ್ಣಿನ ರೆಪ್ಪೆಗಳನ್ನೇ ಕತ್ತರಿಸಿ ಹಾಕಿದಂತಿದೆ ಅಂತ ಬರೆದ. ಪ್ರಷ್ಯಾದ ರಾಜ ಚಿತ್ರವನ್ನು ಕೊಂಡುಕೊಂಡ.

‘ಮಂಜಿನ ಕಡಲ ಮೇಲೆ ಅಲೆಮಾರಿ’ ಚಿತ್ರವೇ ಭವ್ಯಕ್ಕೆ ಮಾದರಿ ಅಂತ ಎಲ್ಲೆಡೆ ಓದಿದ್ದೇನೆ. ನೀವು ಬೇರೆ ಹೇಳುತ್ತೀರಲ್ಲ?

ಅದು ಹೆಸರುವಾಸಿ ಉದಾಹರಣೆ. ಅಷ್ಟೇನೂ ಒಳ್ಳೆಯ ಉದಾಹರಣೆ ಅಲ್ಲ. 1818ರ ಹೊತ್ತಿನದು, ಹ್ಯಾಂಬರ್ಗಿನ ಕುನ್ಸ್ಟ್‌ಹಾಲೆಯಲ್ಲಿದೆ, ಎತ್ತರ ಸುಮಾರು 95 ಸೆಂ.ಮೀ., ಅಗಲ 75. ಮನುಷ್ಯ ಚಿತ್ರದ ನಟ್ಟನಡುವೆ, ಬಂಡೆಯ ನೆತ್ತಿಯ ಮೇಲೆ ನಿಂತಿದ್ದಾನೆ. ದೂರದ ಇಳಿಜಾರುಗಳ ಗೆರೆಗಳು ಎರಡೂ ಕಡೆಯಿಂದ ಬಂದು ಅವನ ಎದೆಯ ಮಟ್ಟದಲ್ಲೇ ಕೂಡುತ್ತವೆ. ಕಾಂಟ್‌ನ ಮಾತಿನಲ್ಲಿ ಹೇಳುವುದಾದರೆ ಇದು ಎರಡನೆಯ ಹಂತದಿಂದಲೇ ಶುರುವಾಗುವ ಚಿತ್ರ. ಸೋಲು ಕಾಣುವುದೇ ಇಲ್ಲ, ಗೆಲುವು ಮಾತ್ರ ಕಾಣುತ್ತದೆ. ಅವನು ನಿಜಕ್ಕೂ ಗೆದ್ದವನೋ, ಮುಂದೆ ದಾರಿಯಿಲ್ಲದೆ ನಿಂತವನೋ ಅನ್ನುವುದು ಮುಖ ಕಾಣದ ಕಾರಣ ತೀರ್ಮಾನವಾಗುವುದಿಲ್ಲ, ಚಿತ್ರದ ಬಿಗಿ ಇರುವುದೂ ಅಲ್ಲೇ. ಪುಸ್ತಕದ ಮುಖಪುಟಗಳೂ ಜಾಹೀರಾತುಗಳೂ ಗೆಲುವನ್ನಷ್ಟೇ ಎತ್ತಿಕೊಂಡಿವೆ.

ಇನ್ನೊಂದು ತಪ್ಪು ಕಲ್ಪನೆ: ಇದು ಯಾವುದೋ ಒಂದು ಜಾಗದ ನೋಟ ಅಂತ. ಎಲ್ಬೆ ನದಿಯ ಮರಳುಗಲ್ಲಿನ ಬೆಟ್ಟಸಾಲಿನಲ್ಲಿ ಬೇರೆ ಬೇರೆ ಕಡೆ ಮಾಡಿಕೊಂಡ ಸ್ಕೆಚ್‌ಗಳನ್ನು ಸ್ಟುಡಿಯೋದಲ್ಲಿ ಜೋಡಿಸಿ ಮಾಡಿದ ಚಿತ್ರ ಅದು.

ಟರ್ನರ್ ಯಾವ ದಾರಿ ಹಿಡಿದ?

ಫ್ರೀಡ್ರಿಕ್ ಬರಿದು ಮಾಡಿದ, ಟರ್ನರ್ ಕದಡಿದ. 1812ರ ‘ಹಿಮದ ಬಿರುಗಾಳಿ: ಹ್ಯಾನಿಬಲ್ ಮತ್ತು ಅವನ ಸೇನೆ ಆಲ್ಪ್ಸ್ ದಾಟುತ್ತಿರುವುದು’ ಚಿತ್ರವನ್ನು (146 × 237.5 ಸೆಂ.ಮೀ., ಲಂಡನ್ನಿನ ಟೇಟ್ ಸಂಗ್ರಹ) ಎದುರಿಗಿಟ್ಟುಕೊಂಡು ಹ್ಯಾನಿಬಲ್‌ನನ್ನು ಹುಡುಕಿ. ಸಿಗುವುದಿಲ್ಲ. ದಿಗಂತದ ಹತ್ತಿರ ಇರುವೆಯಷ್ಟು ಒಂದು ಆನೆ ಸಿಗುತ್ತದೆ. ಇತಿಹಾಸದ ವೀರನನ್ನು ಹೆಸರಿನಲ್ಲಿ ಮಾತ್ರ ಇಟ್ಟು, ಚಿತ್ರದ ಮುಕ್ಕಾಲು ಪಾಲನ್ನು ಕರಿಮೋಡದ ಒಂದು ದೊಡ್ಡ ಸುಳಿಗೆ ಕೊಟ್ಟಿದ್ದಾನೆ. ನೇರ ಗೆರೆ ಎಲ್ಲೂ ಇಲ್ಲದ್ದರಿಂದ ಕಣ್ಣಿಗೆ ನಿಲ್ಲಲು ನೆಲೆ ಸಿಗುವುದಿಲ್ಲ. ಬರ್ಕ್ ಕೇಳಿದ ಅಸ್ಪಷ್ಟತೆ ಬಣ್ಣದಲ್ಲೇ ಬಂತು. ಈ ಚಿತ್ರವನ್ನು ಗೋಡೆಯ ಮೇಲ್ಭಾಗಕ್ಕೆ ತೂಗಲು ರಾಯಲ್ ಅಕಾಡೆಮಿಯವರು ಹೊರಟಾಗ ಟರ್ನರ್ ಹಟ ಹಿಡಿದು ಕೆಳಗೆ ಹಾಕಿಸಿದ. ಅದು ಬಿಂಕದ ಮಾತಾಗಿರಲಿಲ್ಲ. ತಲೆಯೆತ್ತಿ ನೋಡಿದರೆ ಸುಳಿ ಒಂದು ಅಲಂಕಾರ. ಕಣ್ಣಿನ ಮಟ್ಟದಲ್ಲಿದ್ದರೆ ನೋಡುವವರು ಅದರ ಬಾಯಲ್ಲೇ ನಿಂತಿರುತ್ತಾರೆ.

1842ರ ಉಗಿಹಡಗಿನ ಬಿರುಗಾಳಿ ಚಿತ್ರದಲ್ಲಿ ಆನೆಯೂ ಇಲ್ಲದಂತಾಯಿತು. ‘ಸೋಪಿನ ನೊರೆ, ಸುಣ್ಣದ ನೀರು’ ಅಂತ ಗೇಲಿ ಮಾಡಿದರು. ಆ ಬಿರುಗಾಳಿಯಲ್ಲಿ ತನ್ನನ್ನು ಹಡಗಿನ ಕಂಬಕ್ಕೆ ನಾಲ್ಕು ಗಂಟೆ ಕಟ್ಟಿಸಿಕೊಂಡಿದ್ದೆ ಅಂತ ಟರ್ನರ್ ಹೇಳಿಕೊಂಡದ್ದಕ್ಕೆ ಬೇರೆ ಸಾಕ್ಷಿ ಸಿಕ್ಕಿಲ್ಲ, ಅದನ್ನು ನಡೆದ ಸಂಗತಿಯೆಂದು ಬರೆಯಬೇಡಿ.

ಟಾಂಬೋರಾ ಜ್ವಾಲಾಮುಖಿ ಸಿಡಿದದ್ದರಿಂದ ಟರ್ನರ್‌ನ ಆಕಾಶ ಕೆಂಪಾಯಿತಂತೆ, ನಿಜವೇ?

1815ರ ಏಪ್ರಿಲ್‌ನ ಆ ಸ್ಫೋಟದ ಧೂಳು-ಗಂಧಕದಿಂದ ಯುರೋಪಿನ ಸೂರ್ಯಾಸ್ತಗಳು ಕೆಂಪೇರಿದ್ದೂ, 1816ರಲ್ಲಿ ಬೇಸಿಗೆಯೇ ಬಾರದಿದ್ದುದೂ ನಿಜ. ಆದರೆ 1839, 1840ರಲ್ಲೂ ಟರ್ನರ್ ಹಾಗೇ ಕೆಂಪು ಬಳಿದ. ಒಂದು ಕಾರಣ ಅನ್ನಿ, ಏಕೈಕ ಕಾರಣ ಅನ್ನಬೇಡಿ.

ಚಿತ್ರ ದೊಡ್ಡದಾದಷ್ಟೂ ಭವ್ಯವೇ?

ಗಾತ್ರ ನೆರವಾಗುತ್ತದೆ, ಖಾತರಿ ಕೊಡುವುದಿಲ್ಲ. ಫ್ರೆಂಚ್ ಚಿತ್ರಕಾರ ಜೆರಿಕೋನ ‘ಮೆದೂಸಾ ತೆಪ್ಪ’ (1818–19, ಲೂವ್ರ್) 491 × 716 ಸೆಂ.ಮೀ. ಇದೆ. 1816ರಲ್ಲಿ ಮರಳದಿಬ್ಬಕ್ಕೆ ಸಿಕ್ಕಿಬಿದ್ದ ಮೆದೂಸಾ ಎಂಬ ಫ್ರೆಂಚ್ ಹಡಗಿನಿಂದ ಸುಮಾರು 147 ಜನರನ್ನು ಒಂದು ತೆಪ್ಪದ ಮೇಲೆ ಬಿಡಲಾಯಿತು. 13 ದಿನದ ಮೇಲೆ ಸಿಕ್ಕಾಗ ಬದುಕಿದ್ದವರು 15. ಮುಂಭಾಗದ ದೇಹಗಳು ನಿಜಮನುಷ್ಯರಿಗಿಂತ ದೊಡ್ಡವು, ತೆಪ್ಪದ ಮೂಲೆ ನಮ್ಮ ಕಾಲಬುಡಕ್ಕೇ ಚಾಚಿದೆ. ದಿಗಂತದಲ್ಲಿರುವ ಪಾರುಮಾಡುವ ಹಡಗು ಒಂದು ಚುಕ್ಕೆ. ಹತ್ತಿರದ್ದು ಅತಿ ಹತ್ತಿರ, ದೂರದ್ದು ಅತಿ ದೂರ, ನಡುವೆ ಬರೀ ಅಲೆ. ಇಲ್ಲಿ ಏಳು ಮೀಟರ್ ಅಗಲಕ್ಕೆ ಕೆಲಸವಿದೆ.

ಜಾನ್ ಮಾರ್ಟಿನ್‌ನ ‘ಅವನ ಕೋಪದ ಮಹಾದಿನ’ (1851–53) ಸುಮಾರು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಬೆಟ್ಟಗಳು ಮಗುಚುತ್ತವೆ, ಮಿಂಚು ಸೀಳುತ್ತದೆ, ಕಿಕ್ಕಿರಿದ ಜನ ಪ್ರಪಾತಕ್ಕೆ ಉದುರುತ್ತಾರೆ. ಎಲ್ಲವೂ ಚೊಕ್ಕವಾಗಿ ಕಾಣುತ್ತದೆ, ತೊಂದರೆಯೂ ಅದೇ. ಬರ್ಕ್ ಎಚ್ಚರಿಸಿದ್ದ ಸ್ಪಷ್ಟತೆ ಇದು: ನೋಡಿದವರು ಬಾಯಿ ಬಿಡುತ್ತಾರೆ, ದಂಗಾಗುವುದಿಲ್ಲ. ಫ್ರೀಡ್ರಿಕ್‌ನ ‘ಹಿಮದ ಕಡಲು’ (1823–24) ಒಂದು ಮೀಟರ್ ಎತ್ತರವೂ ಇಲ್ಲ. ಚೂಪಾದ ನೀರ್ಗಲ್ಲ ಹಲಗೆಗಳ ರಾಶಿಯ ಪಕ್ಕ ಹಡಗಿನ ಹಿಂಭಾಗದ ತುಂಡೊಂದು ಅಷ್ಟಿಷ್ಟು ಕಾಣುತ್ತದೆ. ಅವನು ಬದುಕಿರುವವರೆಗೂ ಅದನ್ನು ಯಾರೂ ಕೊಳ್ಳಲಿಲ್ಲ.

ಅಮೆರಿಕದ ಫ್ರೆಡರಿಕ್ ಚರ್ಚ್ 1859ರಲ್ಲಿ ‘ಆಂಡೀಸ್‌ನ ಹೃದಯ’ ಚಿತ್ರವೊಂದನ್ನೇ ನ್ಯೂಯಾರ್ಕಿನಲ್ಲಿ 25 ಸೆಂಟ್ ಟಿಕೆಟ್ಟಿಗೆ ಪ್ರದರ್ಶನಕ್ಕಿಟ್ಟ. ಕೋಣೆ ಕತ್ತಲು, ಬೆಳಕು ಚಿತ್ರದ ಮೇಲೆ ಮಾತ್ರ, ನೋಡುವವರ ಕೈಯಲ್ಲಿ ನಾಟಕದ ದುರ್ಬೀನು. ದುರ್ಬೀನು ಹಿಡಿದರೆ ಚಿತ್ರದ ಅಂಚು ಕಣ್ಣಿನಿಂದ ಮರೆಯಾಗುತ್ತದೆ. ಜಾಣ ಉಪಾಯ.

ಸೌಂದರ್ಯಕ್ಕೆ ರೊಮ್ಯಾಂಟಿಕರು ಬೆಲೆಯನ್ನೇ ಕೊಡಲಿಲ್ಲವೇ?

ಕೊಟ್ಟರು, ನಾವು ಗಮನಿಸುವುದು ಕಡಿಮೆ. ಜಾನ್ ಕಾನ್‌ಸ್ಟೆಬಲ್‌ನ ‘ಹುಲ್ಲಿನ ಬಂಡಿ’ (1821, 130.2 × 185.4 ಸೆಂ.ಮೀ., ಲಂಡನ್ ನ್ಯಾಷನಲ್ ಗ್ಯಾಲರಿ) ಫ್ರೀಡ್ರಿಕ್‌ನ ಸನ್ಯಾಸಿಗಿಂತ ದೊಡ್ಡದು. ಸಫೋಕ್‌ನ ಫ್ಲಾಟ್‌ಫರ್ಡ್‌ನಲ್ಲಿ ಒಂದು ಖಾಲಿ ಬಂಡಿ ಆಳವಿಲ್ಲದ ನೀರಿನಲ್ಲಿ ನಿಂತಿದೆ, ಎಡಕ್ಕೆ ಮನೆ, ದಡದಲ್ಲಿ ನಾಯಿ. ದಡ, ನೀರು, ಬಂಡಿ, ಹುಲ್ಲುಗಾವಲು, ದೂರದ ಮರಗಳು ಅಂತ ಕಣ್ಣು ಎಲ್ಲೂ ಎಡವದೆ ಸಾಗುತ್ತದೆ. ಬರ್ಕ್ ಹೇಳಿದ ಮೆಲ್ಲನೆಯ ತಿರುವು ಇದೇ. 1824ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು.

ಮೂರನೆಯದೊಂದು ಬಗೆ ಇದೆಯಂತೆ?

ಇದೆ, ಚಿತ್ರೋಪಮ. ವಿಲಿಯಂ ಗಿಲ್ಪಿನ್ ಮತ್ತು ಯೂವ್‌ಡೇಲ್ ಪ್ರೈಸ್ ಬೆಳೆಸಿದ್ದು. ನುಣುಪೂ ಅಲ್ಲ, ಭೀಕರವೂ ಅಲ್ಲ. ಒರಟು, ಪಾಳು, ಅಂಕುಡೊಂಕು: ಪಾಚಿ ಹಿಡಿದ ಗೋಡೆ, ಕೊಂಬೆ ಮುರಿದ ಮರ. ಪ್ರವಾಸಿಗರು ಕ್ಲೋಡ್ ಗಾಜು ಎಂಬ ಕಪ್ಪು ಲೇಪದ ಉಬ್ಬುಗನ್ನಡಿಯಲ್ಲಿ, ದೃಶ್ಯಕ್ಕೆ ಬೆನ್ನು ಹಾಕಿ, ಪ್ರತಿಬಿಂಬ ನೋಡುತ್ತಿದ್ದರು. ಬೆನ್ನು ಹಾಕಿ ಸೆಲ್ಫಿ ತೆಗೆಯುವವರನ್ನು ಬೈಯುವ ಮುನ್ನ ಇದು ನೆನಪಿರಲಿ.

ಇದಕ್ಕೂ ನಮ್ಮ ನಾಡಿಗೂ ಏನಾದರೂ ಸಂಬಂಧವಿದೆಯೇ?

ಇದೆ, ಆದರೆ ಹೆಮ್ಮೆಪಡುವಂಥದ್ದೇನಲ್ಲ; ನಮ್ಮ ನೆಲ ಅಲ್ಲಿ ನೋಟದ ವಸ್ತುವಾಗಿತ್ತು. ಬರ್ಕ್ 1785ರ ಫೆಬ್ರವರಿಯಲ್ಲಿ ಆರ್ಕಾಟಿನ ನವಾಬನ ಸಾಲಗಳ ಬಗ್ಗೆ ಬ್ರಿಟಿಷ್ ಸಂಸತ್ತಿನಲ್ಲಿ ಮಾತಾಡುವಾಗ ಹೈದರ್ ಅಲಿಯ 1780ರ ದಂಡಯಾತ್ರೆಯನ್ನು ಬಣ್ಣಿಸಿದ. ಹೈದರ್ ಒಂದು ಕರಿಮೋಡವಾಗಿ ಬೆಟ್ಟದ ಇಳಿಜಾರಿನಲ್ಲಿ ಕೊಂಚ ಹೊತ್ತು ತೂಗಿದ, ದಿಗಂತ ಕಪ್ಪಿಟ್ಟಿತು, ಅಧಿಕಾರಿಗಳು ಮಂಕಾಗಿ ನೋಡುತ್ತಿದ್ದಂತೆಯೇ ಥಟ್ಟನೆ ಒಡೆದು ಬಯಲಿನ ಮೇಲೆ ಸುರಿಯಿತು. ಕತ್ತಲೆ, ವಿಸ್ತಾರ, ಬಲ, ಥಟ್ಟನೆ ಎರಗುವಿಕೆ: 28 ವರ್ಷದ ಹಿಂದೆ ತಾನೇ ಮಾಡಿದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆದ ಹಾಗಿದೆ. ಕಂಪನಿಯವರ ದುರಾಸೆಯನ್ನು ಖಂಡಿಸುವ ಭಾಷಣವೇ ಅದು, ಆದರೂ ಹೈದರ್ ಅಲ್ಲಿ ರಾಜಕಾರಣಿಯಾಗಿ ಉಳಿಯದೆ ನಿಸರ್ಗದ ಉತ್ಪಾತವಾಗಿಬಿಡುತ್ತಾನೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಆ ಮುತ್ತಿಗೆಯ, ನೂರಡಿಗೂ ಹೆಚ್ಚು ಉದ್ದದ ದೈತ್ಯಚಿತ್ರವನ್ನು ಲಂಡನ್ನಿನ ಲೈಸಿಯಂನಲ್ಲಿ ದುಡ್ಡಿಗೆ ತೋರಿಸಿದ; ಈಗ ಅದರ ಮುದ್ರಣಗಳಷ್ಟೇ ಉಳಿದಿವೆ. ಭಾರತಕ್ಕೆ ಬಾರದ ಟರ್ನರ್ ಕೂಡ 1800ರ ಸುಮಾರಿಗೆ ಅದೇ ಮುತ್ತಿಗೆಯ ಜಲವರ್ಣಚಿತ್ರ ಮಾಡಿದ್ದಾನೆ. ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ 1792ರಲ್ಲಿ ದಕ್ಷಿಣದಲ್ಲಿ ಸುತ್ತಿ, ಊರಿಗೆ ಮರಳಿದ ಮೇಲೆ 1795ರಿಂದ 1808ರವರೆಗೆ ಭಾರತದ 144 ಅಕ್ವಾಟಿಂಟ್ (ತಾಮ್ರಫಲಕದಿಂದ ಅಚ್ಚೊತ್ತಿದ) ದೃಶ್ಯಗಳನ್ನು ಹೊರತಂದರು. ಅವರದು ಬಹುಪಾಲು ಚಿತ್ರೋಪಮದ ಕಣ್ಣು.

ನಮ್ಮ ಅದ್ಭುತ ರಸ, ಭಯಾನಕ ರಸಗಳೇ ಇದಲ್ಲವೇ?

ಹತ್ತಿರ ಬರುತ್ತವೆ, ಒಂದೇ ಅಲ್ಲ. ರಸ ಕಾವ್ಯ-ನಾಟಕಗಳದ್ದು, ಭವ್ಯದ ಚರ್ಚೆ ಮೊದಲು ನಿಸರ್ಗದ್ದು. ಸಾಧಾರಣೀಕರಣಕ್ಕೂ (ಪಾತ್ರದ ಭಾವ ಒಬ್ಬರ ಸ್ವಂತದ್ದಾಗಿ ಉಳಿಯದೆ ಎಲ್ಲರದ್ದಾಗುವುದು) ಕಾಂಟ್ ಹೇಳುವ ಸ್ವಾರ್ಥರಹಿತ ನೋಟಕ್ಕೂ ಹೋಲಿಕೆಯಿದೆ. ಆದರೆ ವಿಸ್ಮಯ ಮತ್ತು ಭಯ ರಸಶಾಸ್ತ್ರದಲ್ಲಿ ಎರಡು ಬೇರೆ ಸ್ಥಾಯಿಭಾವಗಳು. ಭವ್ಯದಲ್ಲಿ ಅವು ಒಂದೇ ಅನುಭವದ ಎರಡು ಮಗ್ಗುಲು. ನಮ್ಮಲ್ಲಿ ಅದಕ್ಕೆ ಅತಿ ಹತ್ತಿರದ್ದು ಗೀತೆಯ ವಿಶ್ವರೂಪದರ್ಶನ. ಹನ್ನೊಂದನೇ ಅಧ್ಯಾಯದ 45ನೇ ಶ್ಲೋಕದಲ್ಲಿ ಅರ್ಜುನ ‘ಹೃಷಿತೋಽಸ್ಮಿ’ ಅನ್ನುತ್ತಾನೆ, ಅದೇ ಉಸಿರಿನಲ್ಲಿ ‘ಭಯೇನ ಚ ಪ್ರವ್ಯಥಿತಂ ಮನೋ ಮೇ’ ಅನ್ನುತ್ತಾನೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಕಾಂಟ್‌ನ ನೋಡುಗ ತನ್ನದೇ ಬುದ್ಧಿಯ ಬಲದಿಂದ ಚೇತರಿಸಿಕೊಳ್ಳುತ್ತಾನೆ; ಅರ್ಜುನನಿಗೆ ಧೈರ್ಯ ಬರುವುದು ಕೃಷ್ಣ ಪರಿಚಿತ ರೂಪಕ್ಕೆ ಮರಳಿದಾಗ.

ಬೇರೆಯವರ ಸಾವು-ನೋವನ್ನು ಭವ್ಯವೆಂದು ಸವಿಯುವುದು ಸರಿಯೇ?

ಇದಕ್ಕೆ ಹಿತವಾದ ಉತ್ತರವಿಲ್ಲ. ಶ್ರೇಷ್ಠ ದುರಂತನಾಟಕ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಪಕ್ಕದ ಚೌಕದಲ್ಲಿ ದೊಡ್ಡ ಮನುಷ್ಯನೊಬ್ಬನಿಗೆ ಮರಣದಂಡನೆ ಅಂತ ಸುದ್ದಿ ಬಂದರೆ ರಂಗಮಂದಿರ ಖಾಲಿಯಾಗುತ್ತದೆ ಅಂತ ಬರ್ಕ್ ಬರೆದಿದ್ದ. ಟರ್ನರ್‌ನ ‘ಗುಲಾಮರ ಹಡಗು’ (1840, ಬಾಸ್ಟನ್) ಈ ಪ್ರಶ್ನೆಯನ್ನು ತೀಕ್ಷ್ಣ ಮಾಡುತ್ತದೆ. ಮೊದಲು ಕಾಣುವುದು ಉರಿಯುವ ಸೂರ್ಯಾಸ್ತ. ಆಮೇಲೆ ಬಲಗಡೆಯ ಕೆಳಮೂಲೆಯಲ್ಲಿ, ನೀರಿನಿಂದ ಮೇಲೆ ಚಾಚಿದ ಸಂಕೋಲೆಯ ಕಾಲು, ಅದರ ಸುತ್ತ ಮೀನುಗಳು. 1781ರಲ್ಲಿ ಜಾಂಗ್ ಹಡಗಿನವರು ಬದುಕಿದ್ದ ಗುಲಾಮರನ್ನು ಕಡಲಿಗೆ ಎಸೆದು ವಿಮೆ ಹಣ ಕೇಳಿದ ಪ್ರಕರಣ ಇದರ ಹಿಂದಿದೆ ಅನ್ನುತ್ತಾರೆ. ಬಣ್ಣಕ್ಕೆ ಮರುಳಾದ ಕಣ್ಣು ಕಾಲನ್ನು ಕಂಡಾಗ ನಾಚಬೇಕು ಅನ್ನುವುದೇ ಚಿತ್ರದ ಏರ್ಪಾಟು ಅಂತ ಕೆಲವರು, ಬಣ್ಣವೇ ಗೆದ್ದಿತು ಅಂತ ಕೆಲವರು. ಎರಡನೆಯವರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ಫೋನಿನಲ್ಲಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಏನು ಮಾಡಬೇಕು?

ಅನ್ನಿಸದಿರುವುದು ಸಹಜ. ಫೋನನ್ನು ಅಡ್ಡ ಹಿಡಿದರೆ ಚಿತ್ರದ ಅಗಲ 15 ಸೆಂ.ಮೀ. ಅಂದುಕೊಳ್ಳಿ: ಸನ್ಯಾಸಿ ಚಿತ್ರ ಸುಮಾರು 11 ಪಟ್ಟು ಕುಗ್ಗಿರುತ್ತದೆ, ಮೆದೂಸಾ ತೆಪ್ಪ 48 ಪಟ್ಟು. ಪಿರಮಿಡ್ಡನ್ನು ಮೈಲಿಗಟ್ಟಲೆ ದೂರದಿಂದ ನೋಡಿದ ಹಾಗೆ.

ಮಾಡಬಹುದಾದದ್ದು: ಗೋಡೆಯ ಮೇಲೆ ಮಾಸ್ಕಿಂಗ್ ಟೇಪಿನಿಂದ 110 × 171.5 ಸೆಂ.ಮೀ. ಚೌಕ ಗುರುತು ಮಾಡಿ, ಅದರ ಮಧ್ಯಬಿಂದು ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕಿರಲಿ. ಪ್ರೊಜೆಕ್ಟರ್ ಸಿಕ್ಕರೆ ಚಿತ್ರವನ್ನು ಆ ಚೌಕಕ್ಕೆ ಸರಿಯಾಗಿ ಬೀಳಿಸಿ, ದೀಪ ಆರಿಸಿ, ಒಂದೂವರೆ ಮೀಟರ್ ದೂರ ನಿಲ್ಲಿ. ಕಡತವನ್ನು ಸಂಗ್ರಹಾಲಯದ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಪ್ರತಿಯಲ್ಲಿ ಕಪ್ಪು ಭಾಗಗಳು ಒಂದೇ ಮುದ್ದೆಯಾಗಿರುತ್ತವೆ, ಫ್ರೀಡ್ರಿಕ್‌ನ ಕಡಲು ಮೊದಲು ಕಳೆದುಹೋಗುವುದು ಅಲ್ಲೇ. ಸನ್ಯಾಸಿ ಚಿತ್ರವನ್ನು ಕಳೆದ ದಶಕದಲ್ಲಿ ಶುಚಿಗೊಳಿಸಿದ್ದಾರೆ. ಆಕಾಶ ಹಳದಿ-ಹಸಿರಾಗಿ ಮಂಕಾಗಿದ್ದರೆ ನಿಮ್ಮ ಕೈಯಲ್ಲಿರುವುದು ಹಳೆಯ ವಾರ್ನಿಷಿನ ಫೋಟೊ.

ಪ್ರಬಂಧ ಬರೆಯುವವರು ಚಿತ್ರವನ್ನು ಯಾವ ಕ್ರಮದಲ್ಲಿ ನೋಡಬೇಕು?

ಮೊದಲು ಅಳತೆ ಬರೆದುಕೊಳ್ಳಿ. ಆಮೇಲೆ ದಿಗಂತದ ಗೆರೆ ಕೆಳಗಿನಿಂದ ಎಷ್ಟನೇ ಪಾಲಿಗಿದೆ ಅಂತ ಅಳೆಯಿರಿ. ಮಧ್ಯಭೂಮಿ ಇದೆಯೇ, ಇಲ್ಲದಿದ್ದರೆ ಅದನ್ನು ಮರೆಮಾಡಿದ್ದು ಏನು: ಮಂಜೋ, ಕತ್ತಲೋ, ಅಲೆಯೋ? ಅಂಚುಗಳು ಮುಚ್ಚಿವೆಯೇ, ತೆರೆದಿವೆಯೇ? ಮನುಷ್ಯಾಕೃತಿ ಚಿತ್ರದ ಎತ್ತರದ ಎಷ್ಟು ಪಾಲು? ಕೊನೆಗೆ, ನಮ್ಮನ್ನು ಎಲ್ಲಿ ನಿಲ್ಲಿಸಿದ್ದಾನೆ: ನೆಲದ ಮೇಲೋ, ಗಾಳಿಯಲ್ಲೋ? ಇಷ್ಟಾದ ಮೇಲೆ ಬರ್ಕ್ ಅಥವಾ ಕಾಂಟ್ ಹೆಸರು ತನ್ನಿ. ಹೆಸರಿನಿಂದ ಶುರುಮಾಡಿದ ಪ್ರಬಂಧಗಳು ಹೆಚ್ಚಾಗಿ ಚಿತ್ರವನ್ನು ನೋಡದೆಯೇ ಮುಗಿಯುತ್ತವೆ. ಇನ್ನೊಂದು: ಫ್ರೀಡ್ರಿಕ್‌ಗೆ ಕಾಂಟ್, ಟರ್ನರ್‌ಗೆ ಬರ್ಕ್ ಅಂತ ಜೋಡಿ ಕಟ್ಟಬೇಡಿ. ಸನ್ಯಾಸಿ ಚಿತ್ರದ ಮೌನ, ಬರಿದು, ಒಂಟಿತನಗಳು ಬರ್ಕ್‌ನ ಪಟ್ಟಿಯವೇ.

ಮೂಲಚಿತ್ರಗಳನ್ನು ನೋಡುವ ಅವಕಾಶ ಸಿಕ್ಕರೆ ಎಲ್ಲಿಗೆ ಹೋಗಬೇಕು?

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಇದು ಎಲ್ಲರಿಗಿಂತ ಅಗ್ಗ: ಟೇಟ್ ಬ್ರಿಟನ್ ಮತ್ತು ನ್ಯಾಷನಲ್ ಗ್ಯಾಲರಿಗಳ ಕಾಯಂ ಸಂಗ್ರಹಕ್ಕೆ ಪ್ರವೇಶ ಉಚಿತ. ಹ್ಯಾನಿಬಲ್, ಗಾರ್ಡೇಲ್ ಸ್ಕಾರ್, ಮಾರ್ಟಿನ್ ಮೂರೂ ಟೇಟ್ ಸಂಗ್ರಹದವು. ಹುಲ್ಲಿನ ಬಂಡಿ ನ್ಯಾಷನಲ್ ಗ್ಯಾಲರಿಯದು. ಜರ್ಮನಿಯಲ್ಲಿರುವವರು ಸನ್ಯಾಸಿಗೆ ಬರ್ಲಿನ್, ಅಲೆಮಾರಿಗೂ ಹಿಮದ ಕಡಲಿಗೂ ಹ್ಯಾಂಬರ್ಗ್ ಹಿಡಿಯಬೇಕು. ಭಾರತದಲ್ಲಿ ಡೇನಿಯಲ್ ಬಂಧುಗಳ ಕೃತಿಗಳ ದೊಡ್ಡ ಸಂಗ್ರಹ ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿದೆ. ಹೊರಡುವ ಮುನ್ನ ಆ ಚಿತ್ರ ಈಗ ಗೋಡೆಯ ಮೇಲಿದೆಯೇ ಅಂತ ಸಂಗ್ರಹಾಲಯದ ತಾಣದಲ್ಲಿ ನೋಡಿಕೊಳ್ಳಿ. ಇಂಥ ಚಿತ್ರಗಳು ಬೇರೆ ಊರಿನ ಪ್ರದರ್ಶನಗಳಿಗೆ ಎರವಲು ಹೋಗಿರುವುದುಂಟು.